ಎಚ್ಚರಿಕೆಯ ಮಾತು ತಿಳಿಯುವಂತಿರಲಿ

ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ ಭಾಗದ ಅಡತಿ ಅಂಗಡಿಗಳಲ್ಲಿ ಹೆಸರು, ಕಡಲೆ, ಹತ್ತಿ, ಮೆಣಸಿನಕಾಯಿಗಳ ವ್ಯವಹಾರಕ್ಕೆ ಮೊಬೈಲು ಇಂದು ತಕ್ಕಡಿಯಷ್ಟೇ ಅವಶ್ಯಕ ಸಾಧನ. ಅದೇ ಮೊಬೈಲಿನ ವಾಟ್ಸಾಪಿಗೆ ‘ಪಿ.ಎಂ. ಕಿಸಾನ್’, ‘ಆರ್.ಟಿ.ಓ. ಚಲನ್’, ‘ಮದುವೆಯ ಆಮಂತ್ರಣ’ ಎಂಬ ಹೆಸರು ಹೊತ್ತ ಎಪಿಕೆ ಕಡತಗಳನ್ನು ಕಳುಹಿಸಿ ವಂಚಿಸುವ ಜಾಲ ಇತ್ತೀಚಿನ ವರ್ಷಗಳಲ್ಲಿ ದೇಶದ ಹಲವೆಡೆ ಹಬ್ಬಿದೆ. ಇಂಥ ತಂತ್ರಾಂಶವು ಎಸ್ಎಂಎಸ್ ಓದುವ ಅನುಮತಿ ಪಡೆದು ಬ್ಯಾಂಕಿನ ಓಟಿಪಿಯನ್ನು ವಂಚಕರಿಗೆ ರವಾನಿಸುತ್ತದೆ.

ಹಣ ಕಳೆದುಕೊಂಡವರಿಗೆ ‘ಮೊಬೈಲು ಎಚ್ಚರಿಸಿತ್ತಲ್ಲ, ನೀವೇ ಒಪ್ಪಿದಿರಿ’ ಎನ್ನುವುದು ವಾಡಿಕೆ. ಈ ಮಾತು ನ್ಯಾಯವಾದುದಲ್ಲ. ‘ಅಪರಿಚಿತ ಮೂಲ’ ಎಂದು ಪರದೆ ಎಚ್ಚರಿಸುತ್ತದೆ. ಆದರೆ ಕಡತ ಬಂದಿರುವುದು ಅನೇಕ ವೇಳೆ ಪರಿಚಿತರ, ವಂಚಕರ ವಶವಾದ ಸಂಖ್ಯೆಯಿಂದ. ಓದುಗನ ದೃಷ್ಟಿಯಲ್ಲಿ ಎಚ್ಚರಿಕೆಯೇ ಸುಳ್ಳಾಗುತ್ತದೆ. 2017ರ ಆಂಡ್ರಾಯ್ಡ್ 8ರಿಂದ ಈ ಅನುಮತಿಯನ್ನು ಪ್ರತಿ ಆ್ಯಪಿಗೂ ಬೇರೆಯಾಗಿ ಕೊಡಬೇಕಾಯಿತು. ಆದರೂ ವಾಟ್ಸಾಪಿಗೆ ಒಮ್ಮೆ ಕೊಟ್ಟ ಅನುಮತಿ, ಹಿಂತೆಗೆದುಕೊಳ್ಳುವವರೆಗೆ ಹಾಗೆಯೇ ಉಳಿಯುತ್ತದೆ.

ಜನರು ಎಚ್ಚರಿಕೆಗಳನ್ನು ಓದುವುದೇ ಇಲ್ಲ ಎಂಬ ವಾದವೂ ಪೂರ್ಣ ಸತ್ಯವಲ್ಲ. 2013ರಲ್ಲಿ ಪ್ರಕಟವಾದ, ಎರಡೂವರೆ ಕೋಟಿಗೂ ಹೆಚ್ಚು ಎಚ್ಚರಿಕೆಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಜಾಲತಾಣದ ಪ್ರಮಾಣಪತ್ರ ಕುರಿತ ಎಚ್ಚರಿಕೆಯನ್ನು ಕ್ರೋಮ್ ಬಳಕೆದಾರರು ಶೇ. 70ರಷ್ಟು ಸಲ ದಾಟಿ ಮುಂದುವರಿದಿದ್ದರೆ, ಫೈರ್‌ಫಾಕ್ಸ್‌ನಲ್ಲಿ ಈ ಪ್ರಮಾಣ ಶೇ. 33 ಮಾತ್ರ. ಎಚ್ಚರಿಕೆಯನ್ನು ಹೇಗೆ ತೋರಿಸಲಾಗುತ್ತದೆ ಎಂಬುದೂ ಮುಖ್ಯವೆಂಬುದನ್ನು ಆ ಅಧ್ಯಯನ ಮನಗಾಣಿಸಿತು.

ಆದ್ದರಿಂದ ಎಚ್ಚರಿಕೆಯು ಸರಳ ಕನ್ನಡದಲ್ಲಿ ಪರಿಣಾಮವನ್ನೇ ಹೇಳಬೇಕು: ‘ಇದು ನಿಮ್ಮ ಬ್ಯಾಂಕಿನ ಸಂದೇಶಗಳನ್ನು ಓದಬಲ್ಲದು, ಖಾತೆಯ ಹಣ ಹೋಗಬಹುದು.’ ‘ಬೇಡ’ ಎಂಬ ಗುಂಡಿ ಎದ್ದು ಕಾಣಬೇಕು. ಕ್ಷುಲ್ಲಕ ಕಾರಣಕ್ಕೆ ಪದೇಪದೇ ಎಚ್ಚರಿಸಿ ಕಣ್ಣಿಗೆ ರೂಢಿ ಮಾಡಿಸಬಾರದು. ಅಪಾಯ ಸ್ಪಷ್ಟವಿದ್ದಲ್ಲಿ ಕೇಳುವುದಕ್ಕಿಂತ ತಡೆಯುವುದೇ ಲೇಸು. ವಾಟ್ಸಾಪ್, ಬ್ರೌಸರುಗಳಿಂದ ಬಂದು ಎಸ್ಎಂಎಸ್ ಮೊದಲಾದ ಸೂಕ್ಷ್ಮ ಅನುಮತಿ ಬೇಡುವ ಆ್ಯಪ್‌ಗಳನ್ನು ತಾನಾಗಿಯೇ ತಡೆಯುವ ಪ್ರಯೋಗವನ್ನು ಗೂಗಲ್ 2024ರಲ್ಲಿ ಸಿಂಗಪುರದ ನಂತರ ಭಾರತಕ್ಕೂ ವಿಸ್ತರಿಸಿದ್ದು ಸ್ವಾಗತಾರ್ಹ.

ಆದರೆ ಕಂಪನಿಗಳನ್ನಷ್ಟೇ ದೂರಿ ಫಲವಿಲ್ಲ. ಬಿಲ್ಲಿನ ಅಥವಾ ಲೆಕ್ಕದ ತಂತ್ರಾಂಶವನ್ನು ವಾಟ್ಸಾಪಿನಲ್ಲಿ ಕಳುಹಿಸಿ ‘ಎಲ್ಲದಕ್ಕೂ ಸರಿ ಎಂದು ಒತ್ತಿರಿ’ ಎನ್ನುವ ಮಾರಾಟಗಾರರು, ಅದನ್ನೊಪ್ಪುವ ವರ್ತಕರು, ತಮಗರಿವಿಲ್ಲದೆ ಗುಮಾಸ್ತರಿಗೆ ಕಲಿಸುತ್ತಿರುವುದು ಎಚ್ಚರಿಕೆಯನ್ನು ಕಡೆಗಣಿಸುವ ಪಾಠವನ್ನೇ. ಅಧಿಕೃತ ಪ್ಲೇ ಸ್ಟೋರಿನಲ್ಲಿ ಇಲ್ಲದ ಆ್ಯಪನ್ನು ಅಂಗಡಿಯ ಹಣದ ಮೊಬೈಲಿಗೆ ಹಾಕುವುದಿಲ್ಲವೆಂಬ ನಿಯಮವನ್ನು ಪ್ರತಿ ವರ್ತಕರೂ ಪಾಲಿಸುವುದು ಹಿತಕರ. ವಂಚನೆಯಾದರೆ ಕ್ಷಣವೂ ತಡಮಾಡದೆ 1930ಕ್ಕೆ ಹಾಗೂ ಬ್ಯಾಂಕಿಗೆ ತಿಳಿಸಬೇಕು. ರೈತನ ಮಾಲಿನ ಹಣ ವರ್ತಕನ ಖಾತೆಯ ಮೂಲಕ ಸಾಗುವಾಗ, ಆ ಖಾತೆಯ ಭದ್ರತೆ ಅವನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.