ಹೊಗೆ ಬಿಸ್ಕತ್ತು ಮತ್ತು ಕೆಂಪು ಕಬಾಬ್

2024ರ ಏಪ್ರಿಲ್‌ನಲ್ಲಿ ದಾವಣಗೆರೆಯ ವಸ್ತುಪ್ರದರ್ಶನವೊಂದರಲ್ಲಿ ಹೊಗೆಯಾಡುವ ಬಿಸ್ಕತ್ತು ತಿಂದ ಬಾಲಕನೋರ್ವ ನೋವಿನಿಂದ ನರಳಿದ ದೃಶ್ಯವನ್ನು ಇಡೀ ದೇಶವೇ ಮೊಬೈಲ್‌ಗಳಲ್ಲಿ ನೋಡಿತು. ಬೆಂಗಳೂರಿನಲ್ಲಿ ಮದುವೆಯ ಔತಣಕೂಟವೊಂದರಲ್ಲಿ ಹೊಗೆ ಬೀಡಾ ತಿಂದ ಹನ್ನೆರಡರ ಬಾಲಕಿಯ ಹೊಟ್ಟೆಯಲ್ಲಿ ರಂಧ್ರವಾಗಿ ಶಸ್ತ್ರಚಿಕಿತ್ಸೆ ನಡೆಸಬೇಕಾಯಿತು. ಎರಡರಲ್ಲೂ ಬಳಸಲಾದುದು ದ್ರವ ಸಾರಜನಕ. ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುವ ಈ ದ್ರವವು ಅನಿಲವಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ. ಅದು ಹೊಟ್ಟೆಯೊಳಗೆ ಹಿಗ್ಗಿದರೆ ಏನಾದೀತು ಎಂಬುದನ್ನು ವಿವರಿಸಬೇಕಿಲ್ಲ.

ಈ ದ್ರವವು ಸಂಪೂರ್ಣ ಆವಿಯಾದ ಬಳಿಕವೇ ಆಹಾರವನ್ನು ಬಡಿಸಬೇಕೆಂದು ರಾಜ್ಯ ಸರಕಾರವು ಅದೇ ವರ್ಷ ಆದೇಶಿಸಿತು. ಇಂತಹ ಆದೇಶಗಳು ಹೊರಬಂದಾಗಲೆಲ್ಲ ಒಂದು ಆಕ್ಷೇಪ ಕೇಳಿಬರುತ್ತದೆ: ಸರಕಾರ ಹೊಸತನವನ್ನು ಸಹಿಸುವುದಿಲ್ಲ, ದುಡಿದು ತಿನ್ನುವವರ ಹೊಟ್ಟೆಗೆ ಹೊಡೆಯುತ್ತದೆ! ಈ ಆಕ್ಷೇಪದಲ್ಲಿ ಎಷ್ಟು ಹುರುಳಿದೆ?

ಸಾರಜನಕವನ್ನು ಯಾರೂ ನಿಷೇಧಿಸಿಲ್ಲ. ಚಿಪ್ಸ್ ಪೊಟ್ಟಣದೊಳಗೆ ಅದು ಅನಿಲರೂಪದಲ್ಲಿದೆ. ಪಶು ಆಸ್ಪತ್ರೆಗಳಲ್ಲಿ ಜಾನುವಾರುಗಳ ವೀರ್ಯವನ್ನು ಕೆಡದಂತೆ ಕಾಪಾಡುವುದೂ ಇದೇ ದ್ರವ. ಕಾನೂನು ಹೇಳುವುದು ಇಷ್ಟೇ: ವಸ್ತುವನ್ನು ಬಳಸಿರಿ, ಆದರೆ ಅದನ್ನು ಮಗುವಿನ ಬಾಯಿಗೆ ಹಾಕಬೇಡಿರಿ. ಉತ್ತಮ ನಿಯಂತ್ರಣದ ಲಕ್ಷಣವೇ ಇದು. ಅದು ಬಾಗಿಲು ಮುಚ್ಚುವುದಿಲ್ಲ, ಹೊಸ್ತಿಲು ಎಲ್ಲಿದೆಯೆಂದು ತೋರಿಸುತ್ತದೆ.

ಗೋಬಿ ಮಂಚೂರಿಯ ವಿಷಯವೂ ಹೀಗೆಯೇ. ಮಂಚೂರಿ ಎಂಬ ಖಾದ್ಯವೇ 1970ರ ದಶಕದಲ್ಲಿ ಮುಂಬೈಯ ಅಡುಗೆಮನೆಯಲ್ಲಿ ಹುಟ್ಟಿದ ಹೊಸತನ. ಅದು ಊರೂರಿನ ತಳ್ಳುಗಾಡಿಗಳನ್ನು ತಲುಪುವಾಗ ಯಾವ ಸರಕಾರವೂ ಅಡ್ಡಿಪಡಿಸಲಿಲ್ಲ. ಆದರೆ 2024ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಪರೀಕ್ಷಿಸಲಾದ 171 ಮಾದರಿಗಳ ಪೈಕಿ 107 ಅಸುರಕ್ಷಿತವೆಂದು ಕಂಡುಬಂದುವು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15ರದ್ದೂ ಅದೇ ಗತಿ. ಪತ್ತೆಯಾದ ಬಣ್ಣಗಳಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಕೂಡ ಇತ್ತು. ಕೃತಕ ಬಣ್ಣಕ್ಕೆ ನಿಷೇಧ ಬಿತ್ತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಅನ್ವಯಿಸಿತು. ತಪ್ಪಿದರೆ ಸೆರೆವಾಸ, ದಂಡ.

ನಿಯಮ ಸರಿಯಾಗಿದೆ. ಆದರೆ ಅದರ ಜಾರಿ ನ್ಯಾಯಯುತವಾಗಿರಬೇಕಲ್ಲವೇ? ಸಂಜೆ ಗಾಡಿ ಹಚ್ಚುವ ಬಡವನಿಗೆ ರಸಾಯನಶಾಸ್ತ್ರ ತಿಳಿದಿಲ್ಲ. ದಿನಸಿ ಅಂಗಡಿಯಲ್ಲಿ ಸಿಕ್ಕಿದ ಕೆಂಪು ಪುಡಿಯನ್ನು ಆತ ನಂಬಿ ತಂದಿರುತ್ತಾನೆ. ಅಧಿಕಾರಿಯ ಜೀಪು ಅವನ ಗಾಡಿಯ ಮುಂದೆ ನಿಂತು, ಪುಡಿ ತಯಾರಿಸಿದವನ ಗೋದಾಮನ್ನು ದಾಟಿ ಹೋದರೆ ಅದು ಸುರಕ್ಷತೆಯಲ್ಲ, ದುರ್ಬಲನ ಮೇಲಿನ ದರ್ಪ. ಮೊದಲು ತಿಳುವಳಿಕೆ, ಬಳಿಕ ಎಚ್ಚರಿಕೆ, ಕೊನೆಗೆ ಶಿಕ್ಷೆ ಎಂಬ ಕ್ರಮವಿರಲಿ. ಆದರೆ ಆಹಾರದಲ್ಲಿ ಬೆರೆಯುವುದೆಂದು ತಿಳಿದೂ ಬಟ್ಟೆಯ ಬಣ್ಣವನ್ನು ಮಾರುವವನಿಗೆ ಯಾವ ವಿನಾಯಿತಿಯೂ ಬೇಡ.

ಇಷ್ಟು ಹೇಳಿ ಸರಕಾರದ ಕಡೆಗೆ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ನಮ್ಮ ಪಟ್ಟಣಗಳಲ್ಲಿ ಕಬಾಬ್ ವ್ಯಾಪಾರ ನಡೆಸುವವರಲ್ಲಿ ನಮ್ಮವರು ಅನೇಕರಿದ್ದಾರೆ. ಅಂಗಡಿಯ ಮೇಲೆ ಹಲಾಲ್ ಎಂಬ ಫಲಕವಿದೆ. ಆದರೆ ಕೊಯ್ದ ರೀತಿ ಸರಿಯಿದ್ದರೆ ಸಾಕೇ? ಆಹಾರವು ಹಲಾಲ್ ಆಗಿರುವುದರ ಜೊತೆಗೆ ತಯ್ಯಿಬ್, ಅಂದರೆ ಶುದ್ಧವೂ ಉತ್ತಮವೂ ಆಗಿರಬೇಕೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಕೆಂಪು ಬೇಕಿದ್ದರೆ ಬ್ಯಾಡಗಿ ಮೆಣಸಿದೆ. ಖರ್ಚು ತುಸು ಹೆಚ್ಚಾದೀತು, ಬಣ್ಣ ತುಸು ಮಾಸಲಾದೀತು. ಗಿರಾಕಿಯೂ ಕಣ್ಣು ಕುಕ್ಕುವ ಕೆಂಪನ್ನೇ ಬಯಸುವುದನ್ನು ಬಿಡಬೇಕು. ನೆಂಟರೆದುರು ಪ್ರತಿಷ್ಠೆ ಮೆರೆಯಲು ಮದುವೆಗಳಲ್ಲಿ ಹೊಗೆ ಬೀಡಾದ ಮೇಜು ಹಾಕಿಸುವ ಹಿರಿಯರೂ ಯೋಚಿಸಲಿ.

ಯಾವ ಅಧಿಕಾರಿಯೂ ಪ್ರತಿಯೊಂದು ಬಾಣಲೆಯ ಪಕ್ಕದಲ್ಲಿ ನಿಲ್ಲಲಾರ. ಅಲ್ಲಿ ನಿಂತಿರುವುದು ವ್ಯಾಪಾರಿಯ ಆತ್ಮಸಾಕ್ಷಿ ಮಾತ್ರ. ತನ್ನ ಮಗುವಿಗೆ ಕೊಡಲು ಹಿಂಜರಿಯುವ ತುಣುಕನ್ನು ಇನ್ನೊಬ್ಬರ ಮಗುವಿಗೆ ಮಾರದಿರುವ ಎಚ್ಚರ ಅವನಲ್ಲಿದ್ದರೆ ಕಾನೂನಿನ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.