ಹಿಂದಿನ ಆಕ್ಸಲ್ ಬದಲಿಸಿದರೆ ಗಾಡಿಯ ಪವರ್ ಡಬಲ್ ಆಗುತ್ತದೆಯೇ?

ಅಂಕೋಲೆಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಮಳೆಗಾಲ ಶುರುವಾಗುವ ಮುಂಚೆ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಕಳಿಸಿದ. ಹಿಂದಿನ ಚಕ್ರಗಳಿಂದ ಹೊಗೆ ಎಬ್ಬಿಸುತ್ತಾ ಒಂದು ಕಾರು ಬಾಣದಂತೆ ನುಗ್ಗುತ್ತದೆ. ಕೆಳಗೆ ಕನ್ನಡದಲ್ಲಿ ಬರಹ: "ಕಂಪನಿ ಆಕ್ಸಲ್ ತೆಗೆಸಿ, ಹೊರಗಿನ ಹೆವಿ ಆಕ್ಸಲ್ ಹಾಕಿಸಿ. ಪವರ್ ಡಬಲ್, ಮೈಲೇಜೂ ಜಾಸ್ತಿ. ಲಾಕರ್ ಇದ್ದರೆ ಮಳೆಯಲ್ಲೂ ಜಾರುವುದಿಲ್ಲ. ಆರ್‌ಟಿಒ ಏನೂ ಕೇಳುವಂತಿಲ್ಲ."

ಅವನ ಪ್ರಶ್ನೆ ಚಿಕ್ಕದು: "ಅಕ್ಕಾ, ಇದು ಖರೆಯಾ? ಗ್ಯಾರೇಜಿನವನ ಹತ್ರ ಮಾತಾಡಿ ಇಟ್ಟಿದ್ದೇನೆ."

ಅವನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಜೀಪು. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಆಗಾಗ ಅರಬೈಲ್ ಘಾಟ್ ಹತ್ತಿ ಯಲ್ಲಾಪುರಕ್ಕೆ ಹೋಗಿಬರುತ್ತಾನೆ. ಆದ್ದರಿಂದ ಇದು ಬರೀ ಶೋಕಿಯ ವಿಷಯವಲ್ಲ. ಆ ಸಂದೇಶದಲ್ಲಿರುವ ನಾಲ್ಕು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲು, ಆಕ್ಸಲ್ ಮಾಡುವ ಕೆಲಸವೇನು?

ಎತ್ತಿನ ಗಾಡಿಯ ಎರಡು ಚಕ್ರಗಳ ನಡುವೆ ಇರುವ ಅಚ್ಚನ್ನು ನೆನಪಿಸಿಕೊಳ್ಳಿ. ಅದು ಭಾರ ಹೊರುತ್ತದೆ, ಅಷ್ಟೇ. ಜೀಪಿನ ಹಿಂದಿನ ಆಕ್ಸಲ್ ಭಾರವನ್ನೂ ಹೊರುತ್ತದೆ, ಚಕ್ರವನ್ನೂ ತಿರುಗಿಸುತ್ತದೆ. ಎಂಜಿನ್ನಿನ ತಿರುಗುವಿಕೆ ಗೇರ್ ಬಾಕ್ಸ್ ದಾಟಿ, ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಕ್ಕೆ ಬರುತ್ತದೆ. ಅಲ್ಲಿ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲಿನ ಚಕ್ರಗಳ ಜೋಡಿ ಅದನ್ನು ಅಡ್ಡಕ್ಕೆ ತಿರುಗಿಸುತ್ತದೆ. ನಂತರ ಎಡಕ್ಕೊಂದು ಬಲಕ್ಕೊಂದು ಇರುವ ಶಾಫ್ಟ್‌ಗಳು ಅದನ್ನು ಚಕ್ರಕ್ಕೆ ಮುಟ್ಟಿಸುತ್ತವೆ.

ಇಲ್ಲೇ ಒಂದು ವಿಷಯ ಗಮನಿಸಿ. ನಮ್ಮ ರಸ್ತೆಯಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಓಡುವಂಥವು. ಸ್ವಿಫ್ಟ್ ಆಗಲಿ, ಪೋಲೊ ಆಗಲಿ, ಹಿಂದೆ ಇರುವುದು ಭಾರ ಹೊರುವ ಬೀಮ್ ಮಾತ್ರ. ಎಂಜಿನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಂಥ ಕಾರಿಗೆ ಹಿಂದಿನ ಆಕ್ಸಲ್ ಬದಲಿಸಿ ಪವರ್ ಹೆಚ್ಚಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಬಹುದು.

ಮಾತು 1: "ಪವರ್ ಡಬಲ್ ಆಗುತ್ತದೆ"

ಸುಳ್ಳು. ಪವರ್ ಹುಟ್ಟುವುದು ಎಂಜಿನ್ನಿನಲ್ಲಿ. ಆಕ್ಸಲ್ ಅದನ್ನು ಸಾಗಿಸುತ್ತದೆ.

ಹಾಗಾದರೆ ಆಕ್ಸಲ್ ಬದಲಿಸಿದವರಿಗೆ ಗಾಡಿ ಚುರುಕಾದಂತೆ ಅನಿಸುವುದೇಕೆ? ಕಾರಣ ರೇಶಿಯೊ. 3.73 ರೇಶಿಯೊ ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು ತಿರುಗಬೇಕು. ಅದನ್ನು 4.88ಕ್ಕೆ ಬದಲಿಸಿದರೆ ಚಕ್ರವನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಸುಮಾರು ಶೇ 31ರಷ್ಟು ಹೆಚ್ಚುತ್ತದೆ. ಆದರೆ ಅದೇ ವೇಗಕ್ಕೆ ಎಂಜಿನ್ ಕೂಡ ಶೇ 31ರಷ್ಟು ಹೆಚ್ಚು ತಿರುಗಬೇಕು. ಗೇರ್ ಸೈಕಲ್ಲಿನಲ್ಲಿ ಏರು ಹತ್ತುವಾಗ ಹಗುರ ಗೇರಿಗೆ ಹಾಕಿದಂತೆ ಇದು. ಪೆಡಲ್ ತುಳಿಯುವುದು ಸಲೀಸು, ಆದರೆ ಹೆಚ್ಚು ಸಲ ತುಳಿಯಬೇಕು. ನಿಮ್ಮ ಕಾಲಿಗೆ ಹೊಸ ಶಕ್ತಿಯೇನೂ ಬಂದಿರುವುದಿಲ್ಲ.

ಮಾತು 2: "ಮೈಲೇಜೂ ಜಾಸ್ತಿ"

ಎರಡೂ ಒಟ್ಟಿಗೆ ಸಿಗುವುದಿಲ್ಲ. ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಹೆದ್ದಾರಿ 66ರಲ್ಲಿ ಅಂಕೋಲೆಯಿಂದ ಕಾರವಾರಕ್ಕೆ 80 ಕಿ.ಮೀ. ವೇಗದಲ್ಲಿ ಹೋಗುವಾಗ ಮೊದಲು ಎಂಜಿನ್ 2000 ಸುತ್ತು ತಿರುಗುತ್ತಿದ್ದರೆ, ಈಗ ಸುಮಾರು 2600 ಸುತ್ತು ತಿರುಗುತ್ತದೆ. ಸದ್ದು ಹೆಚ್ಚು, ಹೆದ್ದಾರಿಯಲ್ಲಿ ಸಾಮಾನ್ಯವಾಗಿ ಡೀಸೆಲ್ ಖರ್ಚೂ ಹೆಚ್ಚು.

ಕೆಲವರು ಮೈಲೇಜಿಗಾಗಿ ಇದರ ಉಲ್ಟಾ ಮಾಡುತ್ತಾರೆ, ಕಡಿಮೆ ರೇಶಿಯೊದ ಆಕ್ಸಲ್ ಹಾಕಿಸುತ್ತಾರೆ. ಆಗ ಘಾಟ್ ಇಳಿಯುವಾಗ ತೊಂದರೆ. ಕೆಳಗಿನ ಗೇರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿದುಕೊಳ್ಳುತ್ತದಲ್ಲ, ಆ ಹಿಡಿತ ಕಡಿಮೆಯಾಗುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಬಿಸಿಯಾಗುತ್ತದೆ. ಅರಬೈಲ್ ಇಳಿಜಾರಿನಲ್ಲಿ ಬಿಸಿಯಾದ ಬ್ರೇಕ್ ಎಂದರೇನು ಎಂದು ಅಲ್ಲಿ ಲಾರಿ ಓಡಿಸಿದವರನ್ನು ಕೇಳಿ.

ಇನ್ನೂ ಒಂದು. ಫೋರ್ ವೀಲ್ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ರೇಶಿಯೊ ಹೊಂದಿಕೆಯಾಗಬೇಕು. ಹಿಂದಿನದನ್ನು ಮಾತ್ರ ಬದಲಿಸಿ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದರೆ ಎರಡೂ ಒಂದನ್ನೊಂದು ಎಳೆದಾಡುತ್ತವೆ. ಕೊನೆಗೆ ಟ್ರಾನ್ಸ್‌ಫರ್ ಕೇಸ್ ಕೈಕೊಡುತ್ತದೆ.

ಮಾತು 3: "ಲಾಕರ್ ಇದ್ದರೆ ಮಳೆಯಲ್ಲೂ ಜಾರುವುದಿಲ್ಲ"

ಅರ್ಧ ಸತ್ಯ. ನಾಲ್ಕರಲ್ಲಿ ಅಪಾಯಕಾರಿ ಮಾತು ಇದೇ.

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡು ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ, ಒಂದು ಯು-ಟರ್ನ್‌ನಲ್ಲಿ ಹೊರಗಿನ ಚಕ್ರ ಸುಮಾರು 4.7 ಮೀಟರ್ ಹೆಚ್ಚು ಓಡುತ್ತದೆ. ಹೀಗೆ ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದೇ ಡಿಫರೆನ್ಶಿಯಲ್. ಲಾಕರ್ ಅದನ್ನು ಕಟ್ಟಿಹಾಕಿ ಎರಡನ್ನೂ ಒಂದೇ ವೇಗದಲ್ಲಿ ತಿರುಗಿಸುತ್ತದೆ.

ಕೆಸರಲ್ಲಿ ಒಂದು ಚಕ್ರ ಸುಮ್ಮನೆ ಗಿರಗಿರ ತಿರುಗುತ್ತಿದ್ದರೆ ಲಾಕರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯುವಂಥ ಲಾಕರ್‌ಗಳಿವೆ. ಕಂಪನಿಗಳೇ ಕೊಡುವ, ಕಡಿಮೆ ವೇಗದಲ್ಲಿ ಚಕ್ರ ಜಾರಿದಾಗ ಮಾತ್ರ ತಾನಾಗಿ ಹಿಡಿಯುವಂಥವೂ ಇವೆ. ಆದರೆ ಖರ್ಚು ಉಳಿಸಲು ಕೆಲವು ಕಡೆ ಡಿಫರೆನ್ಶಿಯಲ್‌ಗೆ ವೆಲ್ಡಿಂಗ್ ಮಾಡಿಬಿಡುತ್ತಾರೆ. ಆಗ ಅದು ಸದಾ ಲಾಕ್. ಒದ್ದೆ ಡಾಂಬರಿನ ತಿರುವಿನಲ್ಲಿ ಒಂದು ಚಕ್ರ ಜಾರಲೇಬೇಕು. ಹಿಡಿತ ತಪ್ಪಿದರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಗೆ ಇದು ಹೇಳಿಸಿದ ಜಾಗವಲ್ಲ. ರಸ್ತೆಯ ಮೇಲಿನ ಹಿಡಿತ ಕೊಡುವುದು ಟೈರ್, ಲಾಕರ್ ಅಲ್ಲ.

ಬ್ರೇಕಿನ ಮಾತೂ ಇದೆ. ಹಿಂದಿನ ಡ್ರಮ್ ಅಥವಾ ಡಿಸ್ಕ್ ಇರುವುದು ಆಕ್ಸಲ್ ಮೇಲೆಯೇ. ಬೇರೆ ಅಳತೆಯ ಆಕ್ಸಲ್ ಬಂದರೆ ಮುಂದಿನ ಮತ್ತು ಹಿಂದಿನ ಬ್ರೇಕಿನ ಸಮತೋಲ ಕೆಡಬಹುದು. ಮುಂದಿನ ಚಕ್ರಕ್ಕಿಂತ ಮೊದಲು ಹಿಂದಿನದು ಕಚ್ಚಿಕೊಂಡರೆ ಗಾಡಿ ಗಿರಕಿ ಹೊಡೆಯುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಎಬಿಎಸ್ ಪ್ರತಿ ಚಕ್ರದ ವೇಗವನ್ನು ಸೆನ್ಸರ್‌ನಿಂದ ಅಳೆಯುತ್ತದೆ. ಹೊಸ ಆಕ್ಸಲ್‌ನಲ್ಲಿ ಆ ಸೆನ್ಸರ್, ಅದರ ಹಲ್ಲಿನ ಉಂಗುರ ಸರಿಹೊಂದದಿದ್ದರೆ ಎಬಿಎಸ್ ಕೆಲಸ ಮಾಡುವುದಿಲ್ಲ.

ಮಾತು 4: "ಆರ್‌ಟಿಒ ಏನೂ ಕೇಳುವಂತಿಲ್ಲ"

ಸುಳ್ಳು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಆರ್‌ಸಿ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಹೇಳುತ್ತದೆ. ನಿಮ್ಮದು ಕಾರವಾರದ ಕೆಎ-30 ಆದರೂ ಬೆಂಗಳೂರಿನ ನಂಬರ್ ಆದರೂ ಕಾನೂನು ಒಂದೇ.

ಹಾಗಂತ ಮುರಿದ ಆಕ್ಸಲ್ ಬದಲಿಸುವುದೇ ತಪ್ಪು ಎಂದಲ್ಲ. ಅದೇ ಮಾಡೆಲ್‌ಗೆ ತಯಾರಕರು ಹೇಳಿದ ಅಳತೆಯ ಭಾಗ ಹಾಕುವುದು ರಿಪೇರಿ. ಬೇರೆ ಅಳತೆಯದನ್ನು ಹಾಕುವುದು ಮಾರ್ಪಾಡು. ವಿಮೆ ಕಂಪನಿಗೆ ತಿಳಿಸದೆ ಮಾರ್ಪಾಡು ಮಾಡಿಸಿದ್ದರೆ, ಅಪಘಾತದ ನಂತರ ಕ್ಲೇಮಿನ ಹೊತ್ತಿಗೆ ಅದೇ ತಕರಾರಾಗಬಹುದು.

ಹಾಗಾದರೆ ಆ ವಿಡಿಯೊ ಸುಳ್ಳೇ?

ವಿಡಿಯೊ ನಿಜವೇ ಇರಬಹುದು. ಆದರೆ ಅದು ಅಮೆರಿಕದ ಡ್ರ್ಯಾಗ್ ರೇಸಿನದು. ಅಲ್ಲಿ ದೊಡ್ಡ ವಿ8 ಎಂಜಿನ್‌ಗಳಿಗೆ ಇನ್ನಷ್ಟು ಶಕ್ತಿ ತುಂಬುತ್ತಾರೆ. ಅದನ್ನು ತಾಳಲಾರದೆ ಮೂಲ ಆಕ್ಸಲ್ ಮುರಿಯುತ್ತದೆ. ಅದಕ್ಕಾಗಿ 1957ರಿಂದ 1986ರವರೆಗೆ ತಯಾರಾದ ಫೋರ್ಡ್ 9 ಇಂಚಿನ ಆಕ್ಸಲ್‌ನ ಮಾದರಿಯಲ್ಲಿ ಇಂದಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಅಂದರೆ ಅಲ್ಲಿ ಮೊದಲು ಪವರ್ ಹೆಚ್ಚುತ್ತದೆ, ಆಮೇಲೆ ಆಕ್ಸಲ್ ಬದಲಾಗುತ್ತದೆ. ಫಾರ್ವರ್ಡ್ ಮಾಡಿದವರು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದ್ದಾರೆ.

ಖರ್ಚು ಮಾಡುವ ಮುಂಚೆ ಇಷ್ಟು ನೋಡಿ

- ಹಿಂದಿನಿಂದ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಮೊದಲು ಬೇರಿಂಗ್ ಮತ್ತು ಗೇರ್ ಆಯಿಲ್ ಪರೀಕ್ಷಿಸಿ. ಇಡೀ ಆಕ್ಸಲ್ ಹೋಗಿದೆ ಎಂದುಕೊಳ್ಳಬೇಡಿ.
- ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಬಿಸಿ ಆಕ್ಸಲ್ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಸಮುದ್ರದಂಡೆಯ ಉಪ್ಪುನೀರಾದರೆ ತುಕ್ಕು ಬೇಗ. ತಡಮಾಡದೆ ಆಯಿಲ್ ಬದಲಿಸಿ, ಸೀಲ್ ಮತ್ತು ಬ್ರೀದರ್ ನೋಡಿಸಿ.
- ಬದಲಿಸಲೇಬೇಕಾದರೆ ರೇಶಿಯೊ, ಅಗಲ, ಬ್ರೇಕ್ ಅಳತೆ, ಸೆನ್ಸರ್ ನಾಲ್ಕೂ ಮೂಲದಂತೆಯೇ ಇವೆಯೇ ಎಂದು ಬರವಣಿಗೆಯಲ್ಲಿ ಕೇಳಿ.
- ಡಿಫರೆನ್ಶಿಯಲ್‌ಗೆ ವೆಲ್ಡಿಂಗ್ ಬೇಡವೇ ಬೇಡ.

ನನ್ನ ತಮ್ಮ ಜೀಪನ್ನು ಬೇರೆ ಮೆಕ್ಯಾನಿಕ್ ಹತ್ತಿರ ಒಯ್ದ. ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು, ಒಂದು ಬೇರಿಂಗ್ ಸವೆದಿತ್ತು. ಆಯಿಲ್, ಸೀಲ್, ಬೇರಿಂಗ್ ಬದಲಾದವು, ಆಕ್ಸಲ್ ಅಲ್ಲೇ ಉಳಿಯಿತು. ಉಳಿದ ದುಡ್ಡಲ್ಲಿ ಎರಡು ಹೊಸ ಟೈರ್ ಬಂದವು. ಮಳೆಗಾಲದ ಘಾಟಿಗೆ ಅವನಿಗೆ ಬೇಕಾಗಿದ್ದುದು ಅದೇ.

ಆ ವಿಡಿಯೊ ನಿಮ್ಮ ಗುಂಪಿಗೂ ಬಂದರೆ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ರೇಶಿಯೊ ಎಷ್ಟು?" ಉತ್ತರ ಬರದಿದ್ದರೆ ಮುಂದಕ್ಕೆ ಕಳಿಸಬೇಡಿ.