ಹೆದರದವರ ಮುಂದೆ ಗರ್ಜನೆ

ಪೋಕರ್ ಎಂಬ ಇಸ್ಪೀಟಾಟದಲ್ಲಿ, ಕೈಯಲ್ಲಿ ಏನೂ ಇಲ್ಲದೆ ಎಲ್ಲವೂ ಇರುವಂತೆ ಪಣವೇರಿಸಿ ಎದುರಾಳಿಯನ್ನು ಓಡಿಸುವುದು ಒಂದು ವಿದ್ಯೆ. ಅದರ ಹೆಸರು ಬ್ಲಫ್. ಇದು ಬರಿಯ ಧೂರ್ತತನವಲ್ಲ, ಗಣಿತಕ್ಕೆ ಒಳಪಟ್ಟ ನಡೆಯೆಂಬುದನ್ನು ಜಾನ್ ಫಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಆದರೆ ಅವರ ಲೆಕ್ಕದ ಎದುರಾಳಿ ವಿವೇಕಿ. ಐದು ಸೆಂಟಿನ ಮೇಜಿನಲ್ಲಿ ಕೂತವನು ಅಂಥವನಾಗಿರಬೇಕೆಂಬ ನಿಯಮವೇನೂ ಇಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು ಪುಡಿಗಾಸಿಗೆ ಈ ಆಟವಾಡುವ ಮೇಜುಗಳಿವೆ. ಆಟಗಾರನ ಕೈಯಲ್ಲಿ ಎರಡು ಗುಟ್ಟಿನ ಎಲೆ; ನಡುವೆ ಮೊದಲು ಮೂರು, ಬಳಿಕ ಒಂದೊಂದಾಗಿ ಎರಡು ಬಹಿರಂಗದ ಎಲೆ. ನಿಪುಣರ ಪುಸ್ತಕಗಳನ್ನೋದಿದ ತರುಣನೊಬ್ಬನಿಗೆ ಎಕ್ಕ ಮತ್ತು ರಾಜ ಬಂದುವೆನ್ನೋಣ. ಅವನು ಪಣವೇರಿಸುತ್ತಾನೆ, ತಪ್ಪಲ್ಲ. ಆದರೆ ಮೂರು ಎಲೆ ಬಿಚ್ಚಿದಾಗ, ಮೂರರಲ್ಲಿ ಎರಡು ಸಲ ಅವನಿಗೆ ಒಂದು ಜೋಡಿಯೂ ಕೂಡುವುದಿಲ್ಲ. ಆದರೂ ಪಣ, ಮತ್ತೆ ಪಣ, ಕೊನೆಗೂ ಪಣ! ಎದುರಿಗೆ ದಿನದ ದುಡಿಮೆ ಮುಗಿಸಿ ಮನೋರಂಜನೆಗೆಂದು ಕುಳಿತ ಗೃಹಸ್ಥ. ಅವನ ಬಳಿ ಒಂದು ಬಡ ಜೋಡಿಯಿದೆ. ‘ಏನಿಟ್ಟುಕೊಂಡಿದ್ದಾನೋ ನೋಡಿಯೇಬಿಡೋಣ’ ಎಂಬ ಕುತೂಹಲಕ್ಕೆ ಆತ ಕಾಸು ತೆರುತ್ತಾನೆ, ಗೆಲ್ಲುತ್ತಾನೆ. ಕೋಣನ ಮುಂದೆ ಕಿನ್ನರಿ ಬಾರಿಸಿದವನು ಕೋಣನನ್ನು ಬೈದು ಫಲವೇನು?

ಲೆಕ್ಕ ಕಠಿನವಲ್ಲ. ನಡುವೆ ನೂರು ಸೆಂಟು ಕೂಡಿದೆ. ಕೊನೆಯ ಸುತ್ತಿನಲ್ಲಿ ನಮ್ಮ ತರುಣ ನೂರು ಸೆಂಟಿನ ಬ್ಲಫ್ ಹೂಡುತ್ತಾನೆ. ಎದುರಾಳಿ ಎರಡಕ್ಕೊಂದು ಸಲವಾದರೂ ಎಲೆ ಚೆಲ್ಲಿದರೆ ನಷ್ಟವಿಲ್ಲ. ನಾಲ್ಕಕ್ಕೊಂದು ಸಲ ಮಾತ್ರ ಚೆಲ್ಲುವವನಾದರೆ, ನಾಲ್ಕು ಯತ್ನಗಳಲ್ಲಿ ಬಂದದ್ದು ನೂರು, ಹೋದದ್ದು ಮುನ್ನೂರು. ಐವತ್ತೇ ಸೆಂಟು ಹೂಡಿದರೆ ಮೂರಕ್ಕೊಂದು ಸಲ ಚೆಲ್ಲಿದರೂ ಸಾಕು. ಆದರೆ ಈ ಮಹಾಶಯ ಅಷ್ಟಕ್ಕೂ ಬಗ್ಗುವವನಲ್ಲ. ಇದರ ಮೇಲೆ, ಆಟದ ಮನೆಯವರು ಕೂಡಿದ ಹಣದಲ್ಲಿ ತೆಗೆದುಕೊಳ್ಳುವ ಪಾಲು ಬೇರೆ. ಚಿಕ್ಕ ಮೇಜಿನಲ್ಲಿ ಅದರ ಭಾರವೇ ಹೆಚ್ಚು.

‘ದೊಡ್ಡ ಮೇಜಿಗೆ ಹೋದರೆ ನನ್ನ ಪಣಕ್ಕೆ ಮರ್ಯಾದೆ ಸಿಕ್ಕೀತು’ ಎಂದು ತರುಣನ ಆಲೋಚನೆ. ಪುಡಿಗಾಸಿನ ನಷ್ಟ ಸಂಬಳದ ನಷ್ಟವಾಗುವುದು ಈ ಮೆಟ್ಟಿಲಿನಲ್ಲೇ. (ನಮ್ಮಲ್ಲಂತೂ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧಕ್ಕೆಂದೇ ಬಂದದ್ದು.)

ಅವನು ಧೈರ್ಯವನ್ನು ಬಿಡಬೇಕಾಗಿಲ್ಲ, ಅದರ ಜಾಗ ಬದಲಿಸಿದರಾಯಿತು. ಎಲೆ ಕೂಡದಾಗ, ಎದುರಿಗೆ ಒಬ್ಬನೇ ಇದ್ದರೆ ಒಂದು ಪಣ ಹೂಡಿ ನೋಡಲಿ. ಅವನು ಜಗ್ಗದಿದ್ದರೆ ಅಲ್ಲಿಗೆ ನಿಲ್ಲಿಸಲಿ. ಮೂವರು ಕುಳಿತಿದ್ದರೆ ಅದೂ ಬೇಡ. ಎಕ್ಕದ ಜೋಡಿ ಕೂಡಿತೋ, ಮೂರು ಸುತ್ತಿನಲ್ಲೂ ಸಂಕೋಚವಿಲ್ಲದೆ ಹೂಡಲಿ. ಬ್ಲಫ್‌ಗೆ ಕಾಸು ತೆತ್ತ ಅದೇ ಕುತೂಹಲಿ ಇದಕ್ಕೂ ತೆರುತ್ತಾನೆ. ಆದರೆ ಅಷ್ಟು ಹೊತ್ತೂ ತೆಪ್ಪಗೆ ತೆರುತ್ತಿದ್ದ ಆ ಗೃಹಸ್ಥ ಕೊನೆಯ ಎಲೆ ಬಿದ್ದಾಗ ತಾನೇ ಪಣವೇರಿಸಿದನೆನ್ನಿ: ಆಗ ಎಕ್ಕದ ಜೋಡಿಯನ್ನು ಮರುಮಾತಿಲ್ಲದೆ ಕೆಳಗಿಡುವುದೇ ಲೇಸು. ಆತನಿಗೆ ಬ್ಲಫ್ ಮಾಡುವ ಅಭ್ಯಾಸವಿಲ್ಲ.